ಮೇಷ್ಟ್ರೇ, ಒಂದು ಪ್ರಶ್ನೆ: ಈ ಸಲ ಬರೀ ಪ್ಯಾರಾ ಕ್ರೀಡೆ

ಪ್ಯಾರಾ ಕ್ರೀಡೆ, ಅಂದರೆ ಅಂಗವಿಕಲರ ಕ್ರೀಡೆ ಬಗ್ಗೆ ಬಂದ ಪತ್ರಗಳನ್ನು ಬೇರೆ ಇಟ್ಟಿದ್ದೆ. ಈ ಸಂಚಿಕೆಯನ್ನು ಅವಕ್ಕೇ ಕೊಡುತ್ತಿದ್ದೇನೆ. ಹೊಸ ಓದುಗರಿಗಾಗಿ ಒಂದು ಮಾತು: ನಾನು ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರಾಗಿದ್ದವನು. ರಿಟೈರ್ ಆದ ಮೇಲೂ ಕ್ರೀಡಾಕೂಟಗಳಲ್ಲಿ ಎಸೆತದ ಕಡೆ ಟೇಪು ಹಿಡಿದು ನಿಲ್ಲುತ್ತೇನೆ. ಹಾಗಾಗಿ ಉತ್ತರಗಳಲ್ಲಿ ಜಾವೆಲಿನ್, ಡಿಸ್ಕಸ್ ಸ್ವಲ್ಪ ಜಾಸ್ತಿ ಬಂದರೆ ಸಹಿಸಿಕೊಳ್ಳಿ.

ನನ್ನ ಮಗನಿಗೆ 13 ವರ್ಷ. ಹುಟ್ಟಿನಿಂದಲೇ ಬಲಗೈ ಮೊಣಕೈ ಕೆಳಗೆ ಇಲ್ಲ. ಓಟದಲ್ಲಿ ಶಾಲೆಗೇ ಮುಂದೆ. ಅವನ ಸರ್ಟಿಫಿಕೇಟಿನಲ್ಲಿ ಅಂಗವೈಕಲ್ಯ ಶೇಕಡಾ 60 ಎಂದಿದೆ. ಶೇಕಡಾವಾರು ಜಾಸ್ತಿ ಇದ್ದರೆ ಪ್ಯಾರಾಲಿಂಪಿಕ್ಸ್‌ಗೆ ಹೋಗುವುದು ಸುಲಭ ಎಂದು ಯಾರೋ ಹೇಳಿದರು. ನಿಜವೇ? ಎಲ್ಲಿಂದ ಶುರು ಮಾಡಬೇಕು?
— ಒಬ್ಬ ತಾಯಿ, ತಿಪಟೂರು

ಇಲ್ಲ ತಾಯಿ, ಆ ಶೇಕಡಾ ಲೆಕ್ಕವೇ ಬೇರೆ, ಮೈದಾನದ ಲೆಕ್ಕವೇ ಬೇರೆ. ಸರ್ಟಿಫಿಕೇಟಿನ ಶೇಕಡಾವಾರು ಸರ್ಕಾರದ ಸೌಲಭ್ಯಕ್ಕೆ. 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಶೇಕಡಾ 40 ಮತ್ತು ಮೇಲಿದ್ದರೆ ಮೀಸಲಾತಿ, ಪಿಂಚಣಿ ಇತ್ಯಾದಿ. ಮೈದಾನದಲ್ಲಿ ಆ ಅಂಕಿಯನ್ನು ಯಾರೂ ಕೇಳುವುದಿಲ್ಲ. ಅಲ್ಲಿ ಕೇಳುವುದು ಒಂದೇ: ಈ ಆಟ ಆಡುವುದಕ್ಕೆ ಈ ದೇಹಕ್ಕೆ ಎಷ್ಟು ತೊಡಕಾಗುತ್ತದೆ? ಅದನ್ನು ನೋಡಿ ಒಂದು ವರ್ಗ ಕೊಡುತ್ತಾರೆ. ಇಂಗ್ಲಿಷಿನವರು ಕ್ಲಾಸ್ ಅನ್ನುತ್ತಾರೆ, ನಮ್ಮ ಹುಡುಗರೂ ಹಾಗೇ ಅನ್ನುತ್ತಾರೆ. ಮೈಸೂರು ದಸರಾ ಕುಸ್ತಿಗೆ ಮುಂಚೆ ಪೈಲ್ವಾನರ ಜೋಡಿ ಕಟ್ಟುತ್ತಾರಲ್ಲ, ಹೆಚ್ಚು ಕಮ್ಮಿ ಅದೇ ಕೆಲಸ.

ಅಥ್ಲೆಟಿಕ್ಸ್‌ನಲ್ಲಿ ಓಟ ಮತ್ತು ಜಿಗಿತಕ್ಕೆ ‘ಟಿ’, ಎಸೆತಕ್ಕೆ ‘ಎಫ್’. ಪಕ್ಕದ ಸಂಖ್ಯೆಯಲ್ಲಿ ಕಥೆ ಇರುತ್ತದೆ. 11ರಿಂದ 13 ದೃಷ್ಟಿದೋಷ. 20 ಬೌದ್ಧಿಕ ತೊಡಕು. 31ರಿಂದ 38 ಸೆರೆಬ್ರಲ್ ಪಾಲ್ಸಿಯಂಥವು, ಮಿದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪುವವು. 40, 41 ಕುಳ್ಳರು. 42ರಿಂದ 44 ಕಾಲಿನದು, ಕೃತಕ ಕಾಲು ಹಾಕಿಕೊಂಡು ಸ್ಪರ್ಧಿಸುವವರು 61ರಿಂದ 64. 45ರಿಂದ 47 ಕೈಯದು. 51ರಿಂದ 57 ಕುರ್ಚಿಯಲ್ಲಿ ಕೂತು ಸ್ಪರ್ಧಿಸುವವರು. ನೀವು ಬರೆದಿರುವುದನ್ನು ನೋಡಿದರೆ ಮಗ ಟಿ47ಕ್ಕೆ ಬರಬಹುದು. ಎತ್ತರ ಜಿಗಿತದಲ್ಲಿ ಟೋಕಿಯೊ, ಪ್ಯಾರಿಸ್ ಎರಡರಲ್ಲೂ ಬೆಳ್ಳಿ ಗೆದ್ದ ಹಿಮಾಚಲದ ನಿಷಾದ್ ಕುಮಾರ್ ಅದೇ ವರ್ಗದವರು.

ಆದರೆ ವರ್ಗ ಕೊಡುವವನು ನಾನಲ್ಲ. ಅದಕ್ಕೆ ತರಬೇತಿ ಪಡೆದ ತಂಡ ಇರುತ್ತದೆ. ಪರೀಕ್ಷೆಯ ಮಟ್ಟ ಕಟ್ಟುನಿಟ್ಟು. ಕೈ ಇಲ್ಲ ಎಂಬ ಕಾರಣಕ್ಕೆ ವರ್ಗ ಸಿಗಬೇಕಾದರೆ ಕನಿಷ್ಠ ಮಣಿಕಟ್ಟಿನಿಂದಲೇ ಕೈ ಇಲ್ಲದಿರಬೇಕು. ಎರಡು ಬೆರಳು ಹೋದವರಿಗೆ ಸರ್ಟಿಫಿಕೇಟು ಸಿಗಬಹುದು, ಟಿ47 ಸಿಗುವುದಿಲ್ಲ. ಒಂದು ಕಾಲು ಗಿಡ್ಡವಿದ್ದರೆ ವ್ಯತ್ಯಾಸ ಕನಿಷ್ಠ 7 ಸೆಂಟಿಮೀಟರ್ ಇರಬೇಕು. ನಮ್ಮ ಕಡೆಯ ಎಷ್ಟೋ ಮಕ್ಕಳು ವರ್ಷಗಟ್ಟಲೆ ಓಡಿ, ಕೊನೆಗೆ ಇಲ್ಲಿ ಮುಗ್ಗರಿಸುತ್ತಾರೆ. ಅದಕ್ಕೇ ಹೇಳುವುದು: ತರಬೇತಿಗೆ ದುಡ್ಡು ಸುರಿಯುವ ಮೊದಲು ವರ್ಗ ಸಿಗುತ್ತದೋ ಇಲ್ಲವೋ ತಿಳಿದುಕೊಳ್ಳಿ.

ಮೊದಲು ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿ. ಹಳೆಯ ಎಕ್ಸ್‌-ರೇ, ಆಸ್ಪತ್ರೆ ಚೀಟಿ ಏನೇ ಇದ್ದರೂ ಒಂದು ಫೈಲಿಗೆ ಹಾಕಿ. ರಾಜ್ಯದ ಪ್ಯಾರಾ ಸಂಸ್ಥೆಯಲ್ಲಿ ಹೆಸರು ಬರೆಸಿ, ರಾಜ್ಯ ಕೂಟದಲ್ಲಿ ಓಡಿಸಿ. ಮುಂದೆ ರಾಷ್ಟ್ರೀಯ ಕೂಟಕ್ಕೆ ಹೋದಾಗ ಅಲ್ಲಿ ವರ್ಗೀಕರಣ ನಡೆಯುತ್ತದೆ. ದೇಶದ ಹೊರಗೆ ಆಡುವಾಗ ಅಂತರರಾಷ್ಟ್ರೀಯ ತಂಡ ಮತ್ತೊಮ್ಮೆ ನೋಡುತ್ತದೆ. 2023ರ ಡಿಸೆಂಬರಿನಿಂದ ಖೇಲೋ ಇಂಡಿಯಾ ಪ್ಯಾರಾ ಕೂಟ ಬೇರೆ ಶುರುವಾಗಿದೆ. ಮತ್ತೆ, ಶಾಲೆಯ ಕೂಟದಲ್ಲಿ ಉಳಿದ ಹುಡುಗರ ಜೊತೆ ಓಡುವುದನ್ನು ಬಿಡಿಸಬೇಡಿ. ಗೆಲ್ಲುತ್ತಿದ್ದಾನೆ ಅಂತೀರಿ, ಓಡಲಿ ಬಿಡಿ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ 6 ಪದಕ, ಪ್ಯಾರಾಲಿಂಪಿಕ್ಸ್‌ನಲ್ಲಿ 29. ಹಾಗಾದರೆ ಅಲ್ಲಿ ಸ್ಪರ್ಧೆ ಸುಲಭ ಇರಬೇಕು ಅಲ್ವಾ? ಬೇಜಾರು ಮಾಡಿಕೊಳ್ಳಬೇಡಿ, ಸುಮ್ನೆ ಕೇಳುತ್ತಿದ್ದೇನೆ.
— ಬ್ಯಾಂಕ್ ನೌಕರರು, ದಾವಣಗೆರೆ

ಬೇಜಾರೇನೂ ಇಲ್ಲ ಸಾರ್. ಎಲ್ಲರ ಮನಸ್ಸಿನಲ್ಲಿರುವುದನ್ನು ನೀವು ಬರೆದಿದ್ದೀರಿ ಅಷ್ಟೆ.

ಚಿನ್ನಗಳ ಸಂಖ್ಯೆ ಜಾಸ್ತಿ ಎನ್ನುವುದು ನಿಜ. ಪ್ಯಾರಿಸ್‌ನಲ್ಲಿ ಒಲಿಂಪಿಕ್ಸ್‌ಗೆ 329 ಸ್ಪರ್ಧೆ, ಪ್ಯಾರಾಲಿಂಪಿಕ್ಸ್‌ಗೆ 549. ಗಂಡಸರ 100 ಮೀಟರ್ ಓಟಕ್ಕೆ ಅಲ್ಲಿ ಒಂದು ಚಿನ್ನ, ಇಲ್ಲಿ ವರ್ಗವಾರು ಹತ್ತಕ್ಕೂ ಜಾಸ್ತಿ. ಕೆಲವು ವರ್ಗಗಳಲ್ಲಿ ಜಗತ್ತಿನಲ್ಲೇ ಸ್ಪರ್ಧಿಗಳು ಕಮ್ಮಿ, ಅದೂ ನಿಜ. ಆದರೆ ಆ 549 ಎಲ್ಲರಿಗೂ ತೆರೆದಿತ್ತಲ್ಲ? ಚೀನಾ 94 ಚಿನ್ನ ಸೇರಿ 220 ಪದಕ ತೆಗೆದುಕೊಂಡು ಹೋಯಿತು. ನಾವು 7 ಚಿನ್ನ, 9 ಬೆಳ್ಳಿ, 13 ಕಂಚು ಗೆದ್ದು 18ನೇ ಸ್ಥಾನದಲ್ಲಿದ್ದೆವು. ಅಷ್ಟು ಸುಲಭವಿದ್ದಿದ್ದರೆ 2012ರ ಲಂಡನ್‌ನಲ್ಲಿ ನಮಗೆ ಒಂದೇ ಪದಕ ಬಂದದ್ದು ಯಾಕೆ? ಆಗ ಕಳಿಸಿದ್ದು 10 ಜನರನ್ನು. ರಿಯೊಗೆ 19, ಟೋಕಿಯೊಗೆ 54, ಪ್ಯಾರಿಸ್‌ಗೆ 84. ಪದಕ ಒಂದರಿಂದ 4, 19, 29 ಆಯಿತು. ಕಳಿಸಿದ ಹಾಗೆ ಬಂದಿದೆ, ನೋಡಿ.

ಇನ್ನು ಸುಲಭದ ಮಾತು. ಸುಮಿತ್ ಅಂತಿಲ್ ಪ್ಯಾರಿಸ್‌ನಲ್ಲಿ ಎಸೆದ ಜಾವೆಲಿನ್ 70.59 ಮೀಟರ್ ಹೋಯಿತು. ಒಂದು ಮೊಣಕಾಲಿನ ಕೆಳಗೆ ಕೃತಕ ಕಾಲು. ಜಿಲ್ಲಾ ಮಟ್ಟದಲ್ಲಿ ನಾನು ಟೇಪು ಹಿಡಿದ ಜಾವೆಲಿನ್‌ಗಳಲ್ಲಿ 70 ದಾಟಿದ್ದು ಒಂದೂ ನೆನಪಿಲ್ಲ. ಅವರೆಲ್ಲ ಎರಡೂ ಕಾಲು ಗಟ್ಟಿ ಇದ್ದವರೇ.

ಆದರೆ ಸುಮಿತ್ ಎಸೆತ ನೋಡಿದರೆ ಯಾರಿಗಾದರೂ ಬೆರಗಾಗುತ್ತದೆ. ನನಗೆ ಅದಕ್ಕಿಂತ ಇಷ್ಟ ಎಫ್51 ಕ್ಲಬ್ ಎಸೆತ. ಕ್ಲಬ್ ಎಂದರೆ ಮರದ ಒಂದು ಸಣ್ಣ ಗದೆ, ತೂಕ 400 ಗ್ರಾಂ ಹತ್ತಿರ. ಎಸೆಯುವವರಿಗೆ ಸಾಮಾನ್ಯವಾಗಿ ಕುತ್ತಿಗೆಯ ಭಾಗದಲ್ಲಿ ಬೆನ್ನುಹುರಿಗೆ ಪೆಟ್ಟಾಗಿರುತ್ತದೆ. ಕಾಲಿನಲ್ಲಿ ಶಕ್ತಿಯಿಲ್ಲ, ಸೊಂಟದ ಹಿಡಿತವಿಲ್ಲ, ಬೆರಳಿನಲ್ಲಿ ಬಲವಿಲ್ಲ. ಗದೆ ಬೆರಳಿಗೆ ಅಂಟಲಿ ಎಂದು ಅಂಟು ಹಚ್ಚಿಕೊಳ್ಳುವವರಿದ್ದಾರೆ. ನೆಲಕ್ಕೆ ಪಟ್ಟಿ ಬಿಗಿದ ಕುರ್ಚಿಯ ಮೇಲೆ ಅವರನ್ನು ಕೂರಿಸಿ ಕಟ್ಟಬೇಕು. ಹಾಗೆ ಕಟ್ಟಲು ಹೊತ್ತು ಹಿಡಿಯುತ್ತದೆ, ಆದ್ದರಿಂದ ಒಬ್ಬರು ತಮ್ಮ ಎಲ್ಲ ಎಸೆತಗಳನ್ನೂ ಒಂದರ ಹಿಂದೆ ಒಂದು ಮುಗಿಸುತ್ತಾರೆ. ನಡುವೆ ಎದ್ದು ಹೋಗಿ, ನೀರು ಕುಡಿದು, ಕೋಚ್ ಹತ್ತಿರ ಮಾತಾಡಿ ಬರುವ ಅವಕಾಶ ಇಲ್ಲ. ಪ್ಯಾರಿಸ್‌ನಲ್ಲಿ ಸೋನಿಪತ್‌ನ ಧರಂಬೀರ್ ಮೊದಲ ನಾಲ್ಕು ಎಸೆತ ಫೌಲ್ ಮಾಡಿದರು. ನಾಲ್ಕೂ! ಐದನೆಯದು 34.92 ಮೀಟರ್, ಚಿನ್ನ. ಬೆಳ್ಳಿ ಕೂಡ ನಮ್ಮದೇ, ಪ್ರಣವ್ ಸೂರ್ಮಾ. ನಾಲ್ಕು ಫೌಲ್ ಆದ ಮೇಲೆ ಐದನೆಯದಕ್ಕೆ ಮನಸ್ಸು ನಿಲ್ಲಿಸುವುದು ಎಂಥ ಕಷ್ಟ ಎಂದು ಎಸೆತದ ಯಾವ ಹುಡುಗನನ್ನು ಬೇಕಾದರೂ ಕೇಳಿ.

ನಾಚಿಕೆಪಡಬೇಕಾದ ಜಾಗ ಬೇರೆ ಇದೆ. ಆ 29ರಲ್ಲಿ 17 ಅಥ್ಲೆಟಿಕ್ಸ್, 5 ಬ್ಯಾಡ್ಮಿಂಟನ್, 4 ಶೂಟಿಂಗ್, 2 ಬಿಲ್ಲುಗಾರಿಕೆ, 1 ಜೂಡೊ. ಈಜಿನಲ್ಲಿ 141 ಚಿನ್ನ ಇದ್ದವು. ನಮಗೆ ಒಂದು ಕಂಚೂ ಇಲ್ಲ. ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಚಿನ್ನವೇ ಈಜಿನದು ಸಾರ್. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ, ಯುದ್ಧದಲ್ಲಿ ಗುಂಡೇಟು ತಿಂದಿದ್ದ ಸೈನಿಕ ಮುರಳೀಕಾಂತ ಪೇಟ್ಕರ್ 50 ಮೀಟರ್ ಫ್ರೀಸ್ಟೈಲ್‌ನಲ್ಲಿ ಗೆದ್ದರು. ಆಮೇಲೆ ಕೊಳದಿಂದ ನಮಗೆ ಒಂದು ಪ್ಯಾರಾಲಿಂಪಿಕ್ ಪದಕವೂ ಬಂದಿಲ್ಲ. ಬೆಂಗಳೂರಿನ ಶರತ್ ಗಾಯಕವಾಡ್ 2014ರ ಇಂಚಿಯಾನ್ ಏಷ್ಯನ್ ಪ್ಯಾರಾ ಕೂಟದಲ್ಲಿ 6 ಪದಕ ತಂದಾಗ ದಾರಿ ತೆರೆಯಿತು ಅಂದುಕೊಂಡಿದ್ದೆವು. ಗಾಲಿಕುರ್ಚಿಯಲ್ಲಿ ಬಂದವರು ಒಬ್ಬರೇ ಬಟ್ಟೆ ಬದಲಿಸಿ ನೀರಿಗೆ ಇಳಿಯಬಹುದಾದ ಈಜುಕೊಳ ನಿಮ್ಮ ಜಿಲ್ಲೆಯಲ್ಲಿ ಎಷ್ಟಿವೆ, ಒಂದು ಸಲ ನೋಡಿಕೊಂಡು ಬಂದು ಬರೆಯಿರಿ. ನಮ್ಮ ಜಿಲ್ಲೆಯದನ್ನು ನಾನು ನೋಡಿದ್ದೇನೆ. ಬಾಗಿಲಿನಲ್ಲೇ ಮೂರು ಮೆಟ್ಟಿಲು.

ಟೋಕಿಯೊದಲ್ಲಿ ನಮ್ಮವರೊಬ್ಬರಿಗೆ ಡಿಸ್ಕಸ್‌ನಲ್ಲಿ ಕಂಚು ಬಂದು ಮತ್ತೆ ಕಿತ್ತುಕೊಂಡರಂತೆ. ಗೆದ್ದ ಮೇಲೆ ಹೀಗೆ ಮಾಡುವುದು ಅನ್ಯಾಯವಲ್ಲವೇ?
— ಕಾಲೇಜು ವಿದ್ಯಾರ್ಥಿ, ಬಳ್ಳಾರಿ

ನೋಡುವವರಿಗೆ ಅನ್ಯಾಯ ಅನ್ನಿಸುತ್ತದೆ. ಆದರೆ ಎಫ್52ರಲ್ಲಿ ನಾಲ್ಕನೆಯವನಾಗಿ ಮುಗಿಸಿದವನ ಜಾಗದಲ್ಲಿ ನಿಂತು ನೋಡಪ್ಪ. ನಮ್ಮವರ ವರ್ಗದ ಬಗ್ಗೆ ಎದುರಾಳಿಗಳು ದೂರು ಕೊಟ್ಟರು. ತಂಡ ಮತ್ತೆ ಪರೀಕ್ಷೆ ಮಾಡಿತು. ಇವರನ್ನು ಯಾವ ವರ್ಗಕ್ಕೂ ಸೇರಿಸಲಾಗುತ್ತಿಲ್ಲ ಎಂದು ಫಲಿತಾಂಶ ರದ್ದಾಯಿತು. ಕೂಟ ಶುರುವಾಗುವ ಮುಂಚೆ ಅದೇ ವ್ಯವಸ್ಥೆ ಅವರಿಗೆ ಎಫ್52 ಕೊಟ್ಟಿತ್ತು, ಆ ಸಿಟ್ಟು ನನಗೂ ಇದೆ. ಆದರೂ ಮರುಪರೀಕ್ಷೆ ಬೇಡ ಅನ್ನಲಾರೆ. ವರ್ಗ ಸಡಿಲವಾದರೆ ಈ ಕೂಟಕ್ಕೆ ಅರ್ಥವೇ ಉಳಿಯುವುದಿಲ್ಲ.

ಪ್ಯಾರಾಲಿಂಪಿಕ್ಸ್‌ನಲ್ಲಿ ನಮ್ಮ ಹಾಸನದವರು ಇಬ್ಬರು ಗೆದ್ದಿದ್ದಾರೆ ಎಂದು ನಾನು, ಒಬ್ಬರೇ ಎಂದು ಗೆಳೆಯ. ಯಾರು ಸರಿ?
— ಅಂಗಡಿ ಮಾಲೀಕರು, ಚನ್ನರಾಯಪಟ್ಟಣ

ನೀವೇ ಸರಿ, ಬಾಜಿ ಕಟ್ಟಿದ್ದರೆ ದುಡ್ಡು ವಸೂಲಿ ಮಾಡಿ. ಲಂಡನ್‌ನಲ್ಲಿ ದೇಶಕ್ಕೆ ಬಂದ ಆ ಒಂದೇ ಬೆಳ್ಳಿ ಎಚ್.ಎನ್. ಗಿರೀಶ ಅವರದು, ಎತ್ತರ ಜಿಗಿತದಲ್ಲಿ 1.74 ಮೀಟರ್. ಇನ್ನೊಬ್ಬರು ಸುಹಾಸ್ ಯತಿರಾಜ್. ಹಾಸನದಲ್ಲಿ ಹುಟ್ಟಿ, ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿ, ಉತ್ತರ ಪ್ರದೇಶದಲ್ಲಿ ಐಎಎಸ್ ಅಧಿಕಾರಿ. ಬ್ಯಾಡ್ಮಿಂಟನ್‌ನಲ್ಲಿ ಕಾಲಿನ ತೊಂದರೆ ಇದ್ದು ನಿಂತು ಆಡುವವರ ವರ್ಗಕ್ಕೆ ಎಸ್‌ಎಲ್ ಎನ್ನುತ್ತಾರೆ; ಅದರ ಎಸ್‌ಎಲ್4ರಲ್ಲಿ ಟೋಕಿಯೊದಲ್ಲೂ ಬೆಳ್ಳಿ, ಪ್ಯಾರಿಸ್‌ನಲ್ಲೂ ಬೆಳ್ಳಿ. ಎರಡೂ ಸಲ ಫೈನಲ್‌ನಲ್ಲಿ ಅಡ್ಡ ಬಂದದ್ದು ಒಬ್ಬನೇ, ಫ್ರಾನ್ಸ್‌ನ ಲೂಕಾ ಮಝೂರ್. ಎಸ್‌ಎಲ್3 ಸಿಂಗಲ್ಸ್ ಅರ್ಧ ಅಂಕಣದಲ್ಲಿ ನಡೆಯುತ್ತದೆ, ಎಸ್‌ಎಲ್4 ಪೂರ್ತಿ ಅಂಕಣದಲ್ಲಿ. ಕಾಲಿನ ತೊಂದರೆ ಇಟ್ಟುಕೊಂಡು ಪೂರ್ತಿ ಅಂಕಣ ಓಡಬೇಕು.

ಇವರಿಗೂ ಮೊದಲು, ಟಿವಿಯಲ್ಲಿ ಯಾರೂ ತೋರಿಸದ ಕಾಲದಲ್ಲಿ, ಬೆಂಗಳೂರಿನ ಮಾಲತಿ ಹೊಳ್ಳ ಇದ್ದರು. ಪೋಲಿಯೊ ಆಗಿತ್ತು. ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ. ಗೆಳೆಯರಿಗೆ ಅವರ ಹೆಸರೂ ಹೇಳಿ.

ಮೂಡಿಗೆರೆ ಕಡೆಯ ಅಂಧ ಓಟಗಾರ್ತಿ ರಕ್ಷಿತಾ ರಾಜು ಓಡುವಾಗ ಪಕ್ಕದಲ್ಲೊಬ್ಬರು ಓಡುತ್ತಾರೆ. ಅವರು ಎಳೆದುಕೊಂಡು ಹೋಗುವುದಿಲ್ಲ ಎನ್ನುವುದಕ್ಕೆ ಏನು ಗ್ಯಾರಂಟಿ?
— ಕಾಫಿ ಬೆಳೆಗಾರರು, ಚಿಕ್ಕಮಗಳೂರು

ಎಳೆದರೆ ಇಬ್ಬರೂ ಹೊರಗೆ. ಇಬ್ಬರ ಕೈ ನಡುವೆ ಒಂದು ದಾರ ಇರುತ್ತದೆ, ಅದನ್ನು ಬಿಡುವ ಹಾಗಿಲ್ಲ. ಗೈಡ್ ದಾರಿ ಹೇಳಬಹುದು, ತಿರುವು ಬಂತು ಅನ್ನಬಹುದು, ತಳ್ಳುವ ಹಾಗಿಲ್ಲ. ಗೆರೆಯನ್ನು ಓಟಗಾರ್ತಿಯೇ ಮೊದಲು ದಾಟಬೇಕು. ಟಿ11ರಲ್ಲಿ ಎಲ್ಲರೂ ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳಬೇಕು, ಸ್ವಲ್ಪ ಬೆಳಕು ಕಂಡರೂ ಅದು ಲಾಭವಾಗಬಾರದು ಅಂತ.

ಗೈಡ್ ಕೆಲಸ ಕಷ್ಟದ್ದು. ಓಟಗಾರ್ತಿಗಿಂತ ವೇಗ ಇರಬೇಕು, ಆದರೂ ಅವಳ ಹೆಜ್ಜೆಗೆ ತನ್ನ ಹೆಜ್ಜೆ ಕೂಡಿಸಬೇಕು. ಪದಕ ಬಂದರೆ ಅವರಿಗೂ ಕೊರಳಿಗೆ ಹಾಕುತ್ತಾರೆ. ಪ್ಯಾರಿಸ್‌ನಲ್ಲಿ ಸಿಮ್ರನ್ 200 ಮೀಟರ್ ಕಂಚು ಗೆದ್ದಾಗ ಗೈಡ್ ಅಭಯ್ ಸಿಂಗ್ ಅವರಿಗೂ ಕಂಚು ಬಂತು. ರಕ್ಷಿತಾ 2018ರ ಜಕಾರ್ತಾದಲ್ಲೂ, 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಪ್ಯಾರಾ ಕೂಟದಲ್ಲೂ 1500 ಮೀಟರ್ ಚಿನ್ನ ಗೆದ್ದರು. ಪ್ಯಾರಿಸ್‌ನಲ್ಲಿ ಹೀಟ್ಸ್ ದಾಟಲಾಗಲಿಲ್ಲ. ನಿಮ್ಮ ಕಡೆ ಚೆನ್ನಾಗಿ ಓಡುವ, ಆದರೆ ರಾಜ್ಯ ತಂಡಕ್ಕೆ ಸ್ವಲ್ಪದರಲ್ಲಿ ತಪ್ಪಿದ ಹುಡುಗರಿದ್ದರೆ ಈ ಕೆಲಸದ ಬಗ್ಗೆ ಹೇಳಿ. ಗೈಡ್ ಸಿಗದೆ ಅಭ್ಯಾಸ ನಿಲ್ಲಿಸಿದ ಮಕ್ಕಳನ್ನು ನಾನು ನೋಡಿದ್ದೇನೆ.

ತಂಗಿಗೆ ಕಿವಿ ಕೇಳಿಸುವುದಿಲ್ಲ. ಗುಂಡು ಎಸೆಯುತ್ತಾಳೆ. ಯಾವ ವರ್ಗ?
— ಓದುಗರು, ಗದಗ

ಪ್ಯಾರಾಲಿಂಪಿಕ್ಸ್‌ನಲ್ಲಿ ಕಿವುಡರಿಗೆ ವರ್ಗ ಇಲ್ಲ. ಅವರಿಗೆ ಡೆಫ್ಲಿಂಪಿಕ್ಸ್ ಇದೆ, 1924ರಲ್ಲೇ ಪ್ಯಾರಿಸ್‌ನಲ್ಲಿ ಶುರುವಾದದ್ದು. ಪ್ಯಾರಾಲಿಂಪಿಕ್ಸ್‌ಗಿಂತ ಹಳೆಯದು. ಚೆನ್ನಾಗಿ ಕೇಳುವ ಕಿವಿಯಲ್ಲೂ ಕನಿಷ್ಠ 55 ಡೆಸಿಬಲ್ ದೋಷ ಇರಬೇಕು, ಸ್ಪರ್ಧೆಯ ಹೊತ್ತಿಗೆ ಶ್ರವಣ ಯಂತ್ರ ತೆಗೆದಿಡಬೇಕು. ಓಟ ಶುರುವಾಗುವುದು ದೀಪ ನೋಡಿ. 2022ರಲ್ಲಿ ಬ್ರೆಜಿಲ್‌ನಲ್ಲಿ ನಮ್ಮವರು 8 ಚಿನ್ನ ಸೇರಿ 16 ಪದಕ ಗೆದ್ದರು. ಕಿವುಡರ ಕ್ರೀಡಾ ಸಂಸ್ಥೆಯೇ ಬೇರೆ, ಪ್ಯಾರಾ ಸಂಸ್ಥೆಗೆ ಅಲೆಯಬೇಡಿ.

ನಮ್ಮ ಸಂಘದ ವಾರ್ಷಿಕೋತ್ಸವಕ್ಕೆ ಒಬ್ಬ ಪ್ಯಾರಾ ಕ್ರೀಡಾಪಟುವನ್ನು ಕರೆದು ಮಕ್ಕಳಿಗೆ ಸ್ಫೂರ್ತಿ ತುಂಬಬೇಕೆಂದಿದ್ದೇವೆ. ಸಲಹೆ ಕೊಡಿ.
— ಸಂಘದ ಕಾರ್ಯದರ್ಶಿ, ಮಂಡ್ಯ

ಕರೆಯಿರಿ, ಸಂತೋಷ. ಕರೆಯುವ ಮೊದಲು ವೇದಿಕೆಗೆ ಇಳಿಜಾರು ಹಾಕಿಸಿ. ಹಲಗೆ ಗಟ್ಟಿ ಇರಲಿ. ಒಂದು ಸಮಾರಂಭದಲ್ಲಿ ನಾಲ್ಕು ಜನ ಸೇರಿ ಅತಿಥಿಯನ್ನು ಗಾಲಿಕುರ್ಚಿ ಸಮೇತ ಎತ್ತಿಕೊಂಡು ಹೋದರು. ಅವರು ‘ಬೇಡ, ಕೆಳಗೇ ಮಾತಾಡುತ್ತೇನೆ’ ಎನ್ನುತ್ತಲೇ ಇದ್ದರು. ಜನ ಚಪ್ಪಾಳೆ ಹೊಡೆದರು. ಅವರ ಮುಖ ನಾನು ಹತ್ತಿರದಿಂದ ನೋಡಿದೆ, ಅಂಥ ಚಪ್ಪಾಳೆ ಯಾರಿಗೂ ಬೇಡ.

ಬಳಸಬಹುದಾದ ಶೌಚಾಲಯ ಎಲ್ಲಿದೆ ಎಂದು ಮೊದಲೇ ಫೋನಿನಲ್ಲಿ ತಿಳಿಸಿ. ಕಾರಿನ ಖರ್ಚು ಕೊಡಿ, ಶಾಲು ಹಾರ ಸಾಲದು. ಪರಿಚಯ ಭಾಷಣದಲ್ಲಿ ‘ಪಾಪ’ ಎನ್ನುವ ಮಾತು ಬಂದರೆ ಮೈಕು ಕಿತ್ತುಕೊಳ್ಳಿ. ಅಪಘಾತ ಹೇಗಾಯಿತು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ, ಕೇಳಲಿ. ದೊಡ್ಡವರು ಮಾತ್ರ ಎಸೆತದ ಬಗ್ಗೆ ಕೇಳಿ: ಈ ವರ್ಷ ಎಷ್ಟು ಮೀಟರ್, ಹೋದ ವರ್ಷ ಎಷ್ಟಿತ್ತು, ಎದುರಾಳಿ ಯಾರು. ಆಮೇಲೆ ನೋಡಿ, ಎರಡು ಗಂಟೆಯಾದರೂ ಮಾತು ನಿಲ್ಲಿಸುವುದಿಲ್ಲ. ಊಟದ ವ್ಯವಸ್ಥೆಯನ್ನು ಸ್ವಲ್ಪ ತಡವಾಗಿಯೇ ಇಟ್ಟುಕೊಳ್ಳಿ.