ಸೋಲೋ ಲ್ಯಾಂಡಿಂಗ್‌ನಲ್ಲಿ ವಿಮಾನ ಪುಟಿದು ಮುಂದಿನ ಚಕ್ರ ಮುರಿಯಿತು. ಗಾಳಿಯಿಂದ ಆಯಿತು ಅಂದರೆ ಯಾರೂ ನಂಬುತ್ತಿಲ್ಲ. ಫ್ಲೈಯಿಂಗ್ ಸ್ಕೂಲ್ ಬದಲಿಸಲೇ, ಪೈಲಟ್ ಆಸೆಯನ್ನೇ ಬಿಡಲೇ?

ನಾನೂ ನಂಬುವುದಿಲ್ಲ, ಬೇಜಾರು ಮಾಡ್ಕೋಬೇಡಿ. ಗಾಳಿ ನೇರ ಎದುರಿಂದ ಇತ್ತು, ಮೂರು ಸಲ ಪುಟಿಯಿತು, ಮೂರನೆಯದಕ್ಕೆ ಚಕ್ರ ಹೋಯಿತು ಅಂತ ನೀವೇ ಬರೆದಿದ್ದೀರಿ. ನನ್ನ ಕಥೆಯೂ ಅಚ್ಚು ಇದೇ. ಅದೇ ಸೆಸ್ನಾ 172 ಅನ್ನೋ ಪುಟ್ಟ ವಿಮಾನ. ಎಷ್ಟೋ ದಿನ ನಾನೂ ಗಾಳಿಯನ್ನೇ ಬೈದುಕೊಂಡು ತಿರುಗಿದೆ.

ಟವರ್‌ನವರು ಗಾಳಿ 10 ನಾಟ್ (ವಿಮಾನದವರು ವೇಗ ಅಳೆಯುವ ಲೆಕ್ಕ), ಜೋರಾಗಿ ಬೀಸಿದಾಗ 16 ಅಂದರು. ರೆಕ್ಕೆಯ ಹಿಂಬದಿಯ ಪಟ್ಟಿಗಳನ್ನು, ಅಂದರೆ ಫ್ಲಾಪ್, ಪೂರ್ತಿ ಇಳಿಸಿ, ಫೈನಲ್‌ನಲ್ಲಿ (ರನ್‌ವೇ ಕಡೆಗಿನ ಕೊನೆಯ ನೇರ ಹಾದಿಯಲ್ಲಿ) 65 ನಾಟ್ ಇಟ್ಟುಕೋ ಅಂತ ನಮಗೆ ಕಲಿಸಿದ್ದರು. ಗಾಳಿ ಇದ್ದರೆ ಸ್ವಲ್ಪ ಜಾಸ್ತಿ ಅಂತಲೂ ಹೇಳಿದ್ದರು. ಸ್ವಲ್ಪ ಅಂದರೆ ಎಷ್ಟು ಅಂತ ನಾನು ಕೇಳಿರಲಿಲ್ಲ. 65ಕ್ಕೆ 10 ಕೂಡಿಸಿದೆ, ಭಯಕ್ಕೆ ಅಂತ ಮೇಲೊಂದು 3. ರನ್‌ವೇ ಅಂಚು ದಾಟುವಾಗ ವೇಗದ ಮೀಟರ್‌ನ ಮುಳ್ಳು 78ರ ಮೇಲಿತ್ತು.

ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ನೀವೂ ಇದನ್ನೇ ಮಾಡಿದ್ದೀರಿ ಅಂತ ನನ್ನ ಗುಮಾನಿ. ಆ ಮುಳ್ಳು ತೋರಿಸುವುದು ನೆಲದ ಮೇಲಿನ ವೇಗವನ್ನಲ್ಲ, ರೆಕ್ಕೆಗೆ ಸಿಗುವ ಗಾಳಿಯ ವೇಗವನ್ನು. ಎದುರು ಗಾಳಿ ಅದರಲ್ಲಿ ಆಗಲೇ ಸೇರಿದೆ. ಒಂದೇ ಸಮ ಬೀಸುವ ಗಾಳಿಗೆ ಏನೂ ಕೂಡಿಸಬೇಕಿಲ್ಲ. ಏರಿಳಿತದ ಅರ್ಧ ಕೂಡಿಸಿದರೆ ಸಾಕು: 16ರಲ್ಲಿ 10 ಕಳೆದರೆ 6, ಅದರ ಅರ್ಧ 3. ಅಂದರೆ 68. ಬರೀ 10 ನಾಟ್ ವ್ಯತ್ಯಾಸ, ಅದೇನು ಮಹಾ ಅನ್ನಿಸುತ್ತೆ ಅಲ್ವಾ? ಆದರೆ ಶಕ್ತಿ ಏರುವುದು ವೇಗದ ವರ್ಗದ ಲೆಕ್ಕದಲ್ಲಿ. 68ರ ಬದಲು 78 ಅಂದರೆ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಜಾಸ್ತಿ ಶಕ್ತಿ. ಅದು ಖರ್ಚಾಗುವವರೆಗೆ ವಿಮಾನ ನೆಲಕ್ಕೆ ಕೂರುವುದಿಲ್ಲ, ತೇಲುತ್ತಾ ಹೋಗುತ್ತೆ.

ನನ್ನದೂ ತೇಲಿತು. ರನ್‌ವೇ ಮುಗಿದೇ ಹೋಗುತ್ತೆ ಅಂತ ಹೆದರಿ ಮೂತಿ ತಗ್ಗಿಸಿದೆ. ಮುಂದಿನ ಚಕ್ರ ಮೊದಲು ತಾಗಿತು, ಆ ಏಟಿಗೆ ಮೂತಿ ಮೇಲೆದ್ದು ವಿಮಾನ ಮತ್ತೆ ಹಾರಿತು, ನಾನು ಯೋಕ್, ಅಂದರೆ ಮೂತಿ ಏರಿಸಿ ಇಳಿಸುವ ಹಿಡಿಕೆಯನ್ನು, ಮುಂದಕ್ಕೆ ಒತ್ತಿದೆ, ಅದು ಕೆಲಸ ಮಾಡುವ ಹೊತ್ತಿಗೆ ವಿಮಾನ ತಾನಾಗಿಯೇ ಇಳಿಯುತ್ತಿತ್ತು, ಹಾಗಾಗಿ ಎರಡನೇ ಏಟು ಇನ್ನೂ ಜೋರಾಗಿ ಬಿತ್ತು. ಮೂರನೆಯದಕ್ಕೆ ಚಕ್ರದ ಕಾಲು ಹಿಂದಕ್ಕೆ ಮಡಚಿಕೊಂಡಿತು. ಇಳಿದು ನೋಡಿದರೆ ಪ್ರೊಪೆಲ್ಲರ್‌ನ ಎರಡೂ ತುದಿ ಹಪ್ಪಳದ ಹಾಗೆ ಸುರುಟಿದ್ದವು. ತಿರುಗುವ ಪ್ರೊಪೆಲ್ಲರ್ ನೆಲಕ್ಕೆ ಬಡಿದರೆ ಎಂಜಿನ್ ಪೂರ್ತಿ ಬಿಚ್ಚಿ ನೋಡಬೇಕು. ಚಕ್ರದ ಆ ಕಾಲು ಕೂರುವ ಫೈರ್‌ವಾಲ್, ಅಂದರೆ ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆ, ಅದೂ ಸೊಟ್ಟಗಾಗಿತ್ತು. ಬಿಲ್ ವಿಷಯ ಬಿಡಿ.

ಮೊದಲ ಪುಟಿತಕ್ಕೇ ಫುಲ್ ಥ್ರಾಟಲ್ ಕೊಟ್ಟು, ಫ್ಲಾಪ್ 20 ಡಿಗ್ರಿಗೆ ತಂದು, ಮೇಲೆದ್ದು ಒಂದು ಸುತ್ತು ಹಾಕಿ ಬಂದಿದ್ದರೆ ಟಯರ್ ಗುರುತು ಬಿಟ್ಟರೆ ಬೇರೇನೂ ಆಗುತ್ತಿರಲಿಲ್ಲ. ಹೀಗೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದಕ್ಕೆ ಗೋ-ಅರೌಂಡ್ ಅನ್ನುತ್ತಾರೆ. ಅದು ಅವಮಾನ ಅಂತ ಹುಡುಗರ ತಲೆಯಲ್ಲಿ ಅದ್ಯಾರು ತುಂಬುತ್ತಾರೋ ಗೊತ್ತಿಲ್ಲ.

ಹಾಗಾಗಿ ಸ್ಕೂಲ್ ಬದಲಿಸಬೇಕಾ ಅನ್ನೋ ಪ್ರಶ್ನೆಯೇ ಸರಿಯಿಲ್ಲ. ಹೊಸ ಸ್ಕೂಲ್‌ಗೆ ನಿಮ್ಮ ಜೊತೆ ಆ 78 ಕೂಡ ಬರುತ್ತೆ. ಆಸೆ ಬಿಡುವ ಮಾತಂತೂ ಈಗ ಬೇಡ. ಇನ್‌ಸ್ಟ್ರಕ್ಟರ್‌ನ ಪಕ್ಕದಲ್ಲಿ ಕೂರಿಸಿಕೊಂಡು, ರನ್‌ವೇ ಮೇಲೆ ಕೆಲವೇ ಅಡಿ ಎತ್ತರದಿಂದ ಗೋ-ಅರೌಂಡ್ ಮಾಡಿ, ಕೈಗೆ ರೂಢಿ ಆಗುವವರೆಗೆ. ಅವರು ಒಪ್ಪದಿದ್ದರೆ ಬೇರೆ ಇನ್‌ಸ್ಟ್ರಕ್ಟರ್‌ನ ಕೇಳಿ.

ಇನ್ನೊಂದು, ರಿಪೋರ್ಟ್ ಇನ್ನೂ ಕೊಟ್ಟಿಲ್ಲ ಅಂದಿರಲ್ಲ. ಅದರಲ್ಲಿ ಗಾಳಿ ಅಂತ ಬರೆಯುವ ಮುಂಚೆ, ಅಂಚು ದಾಟುವಾಗ ಮುಳ್ಳು ಎಷ್ಟರ ಮೇಲಿತ್ತು ಅಂತ ನೆನಪು ಮಾಡಿಕೊಂಡು ಆ ಅಂಕಿ ಬರೆಯಿರಿ. ನೆನಪಿಲ್ಲದಿದ್ದರೆ ನೋಡಿರಲಿಲ್ಲ ಅಂತಲೇ ಬರೆಯಿರಿ.