ಮರ ಸುಟ್ಟು ಮತ್ತೆ ಮರ ನೆಟ್ಟರೆ ಲೆಕ್ಕ ಸರಿಹೋಗುತ್ತದಾ?

ಕಲ್ಲಿದ್ದಲಿನ ಬದಲು ಕಟ್ಟಿಗೆ ಉರಿಸಿ, ಕಡಿದಷ್ಟೂ ಮರ ಮತ್ತೆ ನೆಟ್ಟರೆ ಗಾಳಿಗೆ ಸೇರುವ ಇಂಗಾಲ ಸೊನ್ನೆ ಅಲ್ವಾ ಅಂತ ಕೇಳಿದ್ದೀರಿ. ಸೊನ್ನೆ ಆಗಬಹುದು. ಆದರೆ ಯಾವಾಗ?

ಒಣಗಿದ ಕಟ್ಟಿಗೆಯ ತೂಕದಲ್ಲಿ ಸುಮಾರು ಅರ್ಧ ಇಂಗಾಲವೇ. ಒಂದು ಕಿಲೋ ಉರಿಸಿದರೆ ಹತ್ತಿರ ಹತ್ತಿರ 1.8 ಕಿಲೋ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. (ಸುಟ್ಟಿದ್ದಕ್ಕಿಂತ ಜಾಸ್ತಿ ಹೇಗೆ ಅನ್ನಬೇಡಿ, ಗಾಳಿಯ ಆಮ್ಲಜನಕವೂ ಸೇರಿಕೊಳ್ಳುತ್ತದೆ.) ಐಪಿಸಿಸಿ (ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ) ಕೊಡುವ ಅಂಕಿ ನೋಡಿ: ಒಂದು ಗಿಗಾಜೌಲ್ ಶಾಖಕ್ಕೆ ಕಟ್ಟಿಗೆಯಿಂದ 112 ಕಿಲೋ ಕಾರ್ಬನ್ ಡೈಆಕ್ಸೈಡ್, ಕಲ್ಲಿದ್ದಲಿನಿಂದ ಸುಮಾರು 95, ನೈಸರ್ಗಿಕ ಅನಿಲದಿಂದ 56. ಅಂದರೆ ಉರಿಯುವ ಹೊತ್ತಿನಲ್ಲಿ ಕಟ್ಟಿಗೆ ಕಲ್ಲಿದ್ದಲಿಗಿಂತ ಒಳ್ಳೆಯದೇನಲ್ಲ.

ಹಸಿ ಕಟ್ಟಿಗೆಯಂತೂ ಇನ್ನೂ ದಂಡ. ನಾನು ವರ್ಷಗಟ್ಟಲೆ ಸೌದೆ ಒಲೆ ಉರಿಸಿದವನು. ಹಸಿ ತುಂಡಿನ ಒಂದು ತುದಿಗೆ ಬೆಂಕಿ ಹತ್ತಿದರೆ ಇನ್ನೊಂದು ತುದಿಯಲ್ಲಿ ಚುಯ್ ಅಂತ ನೊರೆ ಉಕ್ಕುತ್ತದೆ. ಆಗತಾನೇ ಕಡಿದ ಮರದಲ್ಲಿ ಹೆಚ್ಚುಕಡಿಮೆ ಅರ್ಧ ತೂಕ ನೀರು. ಅದನ್ನು ಆವಿ ಮಾಡುವುದಕ್ಕೇ ಶಾಖದ ಒಂದು ಪಾಲು ಹೋಗುತ್ತದೆ, ನಮಗೆ ಸಿಗುವುದು ಕಣ್ಣುರಿ. ಚೆನ್ನಾಗಿ ಒಣಗಿದ ಎರಡು ತುಂಡು ತಟ್ಟಿ ನೋಡಿ, ಠಣ್ ಅನ್ನುತ್ತವೆ. ಹಸಿಯದು ಮಂದವಾಗಿ ಧಪ್ ಅನ್ನುತ್ತದೆ.

ಈಗ ನಿಮ್ಮ ಸೊನ್ನೆಗೆ ಬರೋಣ. 40 ವರ್ಷ ಬೆಳೆದ ಮರ ಒಲೆಯಲ್ಲಿ ಕೆಲವು ವಾರಕ್ಕೆ ಬೂದಿ. ಅದರ ಜಾಗದಲ್ಲಿ ನೆಟ್ಟ ಸಸಿ ಅಷ್ಟೇ ಇಂಗಾಲ ಹೀರಲು ಮತ್ತೆ 40 ವರ್ಷ ಬೇಕು, ಅದೂ ಬದುಕಿದರೆ. ಸಾಲ ಈಗ, ತೀರಿಸುವುದು ಮೊಮ್ಮಕ್ಕಳ ಕಾಲಕ್ಕೆ. ಇನ್ನೊಂದು ವಿಷಯ ಎಲ್ಲರೂ ಮರೆಯುತ್ತಾರೆ: ಕಡಿಯದೆ ಬಿಟ್ಟಿದ್ದರೆ ಆ ಹಳೇ ಮರವೂ ಬೆಳೆಯುತ್ತಲೇ ಇರುತ್ತಿತ್ತು.

ಇಂಗ್ಲೆಂಡಿನ ಡ್ರ್ಯಾಕ್ಸ್ ವಿದ್ಯುತ್ ಸ್ಥಾವರದ ಮೇಲೆ ಜಗಳ ಇರುವುದೂ ಇದಕ್ಕೇ. ಕಲ್ಲಿದ್ದಲು ಬಿಟ್ಟು ಮರದ ಪೆಲೆಟ್ (ಮರದ ಪುಡಿ ಒತ್ತಿ ಮಾಡಿದ ಗುಳಿಗೆ) ಉರಿಸುತ್ತಾರೆ, ಬಹುಪಾಲು ಉತ್ತರ ಅಮೆರಿಕದಿಂದ ಹಡಗಿನಲ್ಲಿ ಬರುತ್ತದೆ. ಚಿಮಣಿಯಿಂದ ಹೋದ ಇಂಗಾಲವನ್ನು ವಿದ್ಯುತ್ ಖಾತೆಯಲ್ಲಿ ಬರೆಯುವುದೇ ಇಲ್ಲ. ಮರ ಕಡಿದ ದೇಶದ ಭೂಬಳಕೆ ಖಾತೆಯಲ್ಲಿ ಅದು ಬರಬೇಕು ಅನ್ನುವುದು ನಿಯಮ. ನನಗೆ ಇದು ಜೇಬು ಬದಲಿಸಿದ ಹಾಗೆ ಕಾಣುತ್ತದೆ.

ಹಾಗಂತ ಕಟ್ಟಿಗೆ ಪೂರ್ತಿ ಬೇಡ ಅನ್ನಲಾರೆ. ಗರಗಸದ ಪುಡಿ, ಸವರಿದ ಕೊಂಬೆ, ಬಿದ್ದ ರೆಂಬೆ ಹೇಗೂ ಕೊಳೆತು ಇಂಗಾಲ ಬಿಡುತ್ತವೆ. ಅವನ್ನು ಒಣಗಿಸಿ ಉರಿಸಿದರೆ ಲೆಕ್ಕ ಬೇಗ ಸರಿಹೋಗುತ್ತದೆ. ನಾನು ಉರಿಸುವುದೂ ಅದನ್ನೇ.

ಮರ ನೆಡುವುದಕ್ಕೂ ಸುಮ್ನೆ ಕೈ ಹಾಕಬೇಡಿ. ಹುಲ್ಲುಗಾವಲಿನ ಮಣ್ಣಲ್ಲಿ ಆಗಲೇ ಬೇಕಾದಷ್ಟು ಇಂಗಾಲ ಇರುತ್ತದೆ, ಅಗೆದು ಮರ ನೆಟ್ಟರೆ ಅದರಲ್ಲಿ ಒಂದಷ್ಟು ಹೊರಬೀಳಬಹುದು. ಹಿಮದ ನಾಡಿನಲ್ಲಿ ಕಪ್ಪು ಕಾಡು ಬಿಸಿಲು ಹೀರಿ ನೆಲವನ್ನೇ ಬಿಸಿ ಮಾಡಬಹುದು. ಮೊದಲು ಇರುವ ಕಾಡು ಉಳಿಸಿ, ಕಡಿದುಹೋದ ಕಡೆ ಅಲ್ಲಿನದೇ ಜಾತಿಯ ಸಸಿ ನೆಡಿ. ಎಷ್ಟು ನೆಟ್ಟಿರಿ ಅಂತ ಬರೆದಿಡುವ ಬದಲು, ಐದು ವರ್ಷ ಬಿಟ್ಟು ಹೋಗಿ ಎಷ್ಟು ಉಳಿದಿವೆ ಅಂತ ಎಣಿಸಿ.