ಖಲೀಫ ಅಲ್-ಮಾಮೂನ್ ವಿದ್ವಾಂಸರ ಪೋಷಕನೋ, ಪೀಡಕನೋ?

ಬಾಗ್ದಾದಿನ ಖಲೀಫ, ಅಂದರೆ ಮುಸ್ಲಿಂ ಸಾಮ್ರಾಜ್ಯದ ದೊರೆ, ಅಲ್-ಮಾಮೂನ್ ವಿದ್ಯೆಗೆ ಆಸರೆಯಾಗಿದ್ದನೆಂದು ಒಂದೆಡೆ, ಧರ್ಮಪಂಡಿತರಿಗೆ ಸಂಕೋಲೆ ತೊಡಿಸಿದನೆಂದು ಇನ್ನೊಂದೆಡೆ ಓದಿದ್ದೀರಿ. ಯಾವುದನ್ನು ನಂಬಬೇಕು ಎಂದು ಕೇಳಿದ್ದೀರಿ. ಎರಡೂ ನಿಜ. ಅವನ ಬಗ್ಗೆ ಓದುವಾಗಲೆಲ್ಲ ನನಗೆ ಅಭಿಮಾನವೂ ಸಂಕಟವೂ ಒಟ್ಟಿಗೇ ಆಗುತ್ತವೆ.

786ರ ಸೆಪ್ಟೆಂಬರಿನ ಒಂದೇ ರಾತ್ರಿ ಒಬ್ಬ ಖಲೀಫ ತೀರಿಕೊಂಡ, ಇನ್ನೊಬ್ಬ ಪಟ್ಟಕ್ಕೇರಿದ, ಮುಂದೆ ಖಲೀಫನಾಗುವವನೊಬ್ಬ ಹುಟ್ಟಿದ. ಪಟ್ಟಕ್ಕೇರಿದವನು ಹಾರೂನ್ ಅಲ್-ರಶೀದ್, ಹುಟ್ಟಿದವನು ಮಾಮೂನ್. ತಾಯಿ ಪರ್ಷಿಯಾ ಕಡೆಯ ದಾಸಿ. ಮಲತಮ್ಮ ಅಮೀನ್ ಕೆಲವೇ ತಿಂಗಳು ಕಿರಿಯನಾದರೂ ರಾಣಿ ಜುಬೈದಾಳ ಮಗನಾದ್ದರಿಂದ ಮೊದಲ ಪಟ್ಟ ಅವನ ಪಾಲಾಯಿತು. ಮೊದಲು ಅಮೀನ್, ಅವನ ನಂತರ ಮಾಮೂನ್ ಆಳಬೇಕೆಂಬ ಒಪ್ಪಂದವನ್ನು ಹಾರೂನ್ ಬರೆಸಿ ಮಕ್ಕಾದ ಕಾಬಾದಲ್ಲಿ ಇರಿಸಿದ್ದ. ಅವನು ಕಣ್ಣು ಮುಚ್ಚಿದ ಮೇಲೆ ಅದು ಉಳಿಯಲಿಲ್ಲ. ಮಾಮೂನನ ಸೈನ್ಯ ಬಾಗ್ದಾದಿಗೆ ಮುತ್ತಿಗೆ ಹಾಕಿತು. 813ರಲ್ಲಿ ಅಮೀನ್ ಕೊಲೆಯಾದ.

ಹೀಗೆ ರಕ್ತ ತುಳಿದು ಸಿಂಹಾಸನಕ್ಕೆ ಬಂದವನು ಕ್ಷಮಿಸಲೂ ಬಲ್ಲವನಾಗಿದ್ದ. ತನಗೆ ಎದುರಾಗಿ ಬಾಗ್ದಾದಿನಲ್ಲಿ ಖಲೀಫನೆನಿಸಿಕೊಂಡಿದ್ದ ಚಿಕ್ಕಪ್ಪ ಇಬ್ರಾಹೀಮ್ ವರ್ಷಗಟ್ಟಲೆ ತಲೆಮರೆಸಿಕೊಂಡಿದ್ದು, ಕೊನೆಗೆ ಹೆಂಗಸಿನ ವೇಷದಲ್ಲಿ ಸಿಕ್ಕಿಬಿದ್ದಾಗ ಮಾಮೂನ್ ಅವನ ಜೀವ ಉಳಿಸಿದ.

ನನಗೆ ಅತ್ಯಂತ ಪ್ರಿಯವಾದದ್ದು ಇಂದಿನ ಇರಾಕಿನ ಸಿಂಜಾರ್ ಬಯಲಿನ ಕಥೆ. ಭೂಮಿ ಎಷ್ಟು ದೊಡ್ಡದೆಂದು ಗ್ರೀಕರ ಗ್ರಂಥಗಳಲ್ಲಿ ಬರೆದಿತ್ತು. ಮಾಮೂನನಿಗೆ ಅಷ್ಟು ಸಾಲಲಿಲ್ಲ, ಅಳೆದೇ ನೋಡಿ ಎಂದ. ಖಗೋಳಜ್ಞರು ಆ ಸಮತಟ್ಟು ನೆಲದಲ್ಲಿ ಆಕಾಶದ ಉತ್ತರ ಧ್ರುವಬಿಂದು ದಿಗಂತದಿಂದ ಎಷ್ಟು ಡಿಗ್ರಿ ಎತ್ತರದಲ್ಲಿದೆ ಎಂದು ಗುರುತಿಸಿಕೊಂಡು, ಗೂಟ ನೆಟ್ಟು, ಹಗ್ಗ ಎಳೆಯುತ್ತಾ ನೇರ ಉತ್ತರಕ್ಕೆ ನಡೆದರು. ಎತ್ತರ ಒಂದು ಡಿಗ್ರಿ ಬದಲಾದಲ್ಲಿ ನಿಂತು ದೂರ ಲೆಕ್ಕ ಹಾಕಿದರು: 56 ಅರಬ್ ಮೈಲಿ, ಜೊತೆಗೆ ಮೈಲಿಯ ಮೂರರಲ್ಲಿ ಎರಡು ಪಾಲು. ಅದನ್ನು 360ರಿಂದ ಗುಣಿಸಿದರೆ ಭೂಮಿಯ ಸುತ್ತಳತೆ! ಗಣಿತಜ್ಞ ಅಲ್-ಖ್ವಾರಿಜ್ಮಿ ಬೀಜಗಣಿತದ ಗ್ರಂಥ ಬರೆದದ್ದೂ ಇದೇ ದೊರೆಯ ಪ್ರೋತ್ಸಾಹದಿಂದ. ‘ಆಲ್ಜಿಬ್ರಾ’ ಎಂಬ ಹೆಸರು ಆ ಗ್ರಂಥದ ಶೀರ್ಷಿಕೆಯಿಂದಲೇ ಬಂತು.

ಇಷ್ಟೊಂದು ಪ್ರಶ್ನೆ ಕೇಳುತ್ತಿದ್ದವನು 833ರಲ್ಲಿ ಒಂದು ಪ್ರಶ್ನೆಗೆ ಮಾತ್ರ ಒಂದೇ ಉತ್ತರ ಇರಬೇಕೆಂದು ಹಟ ಹಿಡಿದ. ಕುರಾನ್ ದೇವರು ಸೃಷ್ಟಿಸಿದ್ದು, ಅನಾದಿಯಲ್ಲ ಎಂದು ನ್ಯಾಯಾಧೀಶರೂ ಪಂಡಿತರೂ ಒಪ್ಪಬೇಕು. ತರ್ಕವನ್ನು ಆರಾಧಿಸುತ್ತಿದ್ದ ಮುಅತಜಿಲಾ ಪಂಥದ ಸಿದ್ಧಾಂತ ಅದು. ವಾದದಿಂದ ಗೆಲ್ಲಬಹುದಾಗಿದ್ದನ್ನು ಅವನು ವಿಚಾರಣೆಯಿಂದ ಗೆಲ್ಲಲು ಹೊರಟ. ಇದೇ ಅವನ ಬಹುದೊಡ್ಡ ತಪ್ಪೆಂದು ನಾನು ತಿಳಿದಿದ್ದೇನೆ. ಬಹುತೇಕರು ಹೆದರಿ ತಲೆಯಾಡಿಸಿದರು. ಧರ್ಮಪಂಡಿತ ಅಹ್ಮದ್ ಇಬ್ನ್ ಹಂಬಲ್ ಮತ್ತು ಯುವಕ ಮುಹಮ್ಮದ್ ಇಬ್ನ್ ನೂಹ್ ಮಣಿಯಲಿಲ್ಲ. ಬೈಜಾಂಟೈನರ (ಪೂರ್ವ ರೋಮನ್ ಸಾಮ್ರಾಜ್ಯದವರ) ಮೇಲೆ ದಂಡೆತ್ತಿ ಹೋಗಿದ್ದ ಖಲೀಫನ ಬಳಿಗೆ ಇಬ್ಬರನ್ನೂ ಸಂಕೋಲೆ ತೊಡಿಸಿ ಕಳುಹಿಸಿದರು. ಅವರು ತಲುಪುವ ಮೊದಲೇ ಮಾಮೂನ್ ಜ್ವರದಿಂದ ಸತ್ತ; ಇಂದಿನ ಟರ್ಕಿಯ ತಾರ್ಸಸ್‌ನಲ್ಲಿ ಹೂಳಿದರು. ಆದರೂ ಬಿಡುಗಡೆ ಸಿಗಲಿಲ್ಲ. ಬಾಗ್ದಾದಿಗೆ ಹಿಂದಿರುಗುವ ದಾರಿಯಲ್ಲಿ ಇಬ್ನ್ ನೂಹ್ ಪ್ರಾಣ ಬಿಟ್ಟ. ಅವನ ಅಂತ್ಯಕ್ರಿಯೆಯ ನಮಾಜನ್ನು ಜೊತೆಗಾರ ಇಬ್ನ್ ಹಂಬಲನೇ ಮಾಡಿಸಿ, ಸೆರೆಮನೆಯತ್ತ ಒಬ್ಬನೇ ಸಾಗಿದ.